ಸಂದಿಯ ಬಾಯಲ್ಲಿ ಹೊಲಿಗೆ ಮಿಷನ್

ಮಂಗಳವಾರ, ಆಫೀಸಿನ ಊಟದ ಬಿಡುವು

ಮಹಾ ಹಠಮಾರಿ ಅಮ್ಮಾ,

ನೀನು ನನ್ನನ್ನ ಬ್ಲಾಕ್ ಮಾಡಿ ಇವತ್ತಿಗೆ ಆರು ದಿನ. ಫ್ಯಾಮಿಲಿ ಗ್ರೂಪಿಂದಲೂ ಕಿತ್ತು ಹಾಕಿದ್ದೀಯ! ನಿನ್ನನ್ನ ಅಡ್ಮಿನ್ ಮಾಡಿದವಳೇ ನಾನು. ಅದಕ್ಕೇ ಪೆನ್ನು ಹಿಡಿದಿದ್ದೀನಿ. ಕೈ ನೋಯ್ತಿದೆ. ನಗುವ ಮುಖ ಹಾಕೋಕೆ ಇಲ್ಲಿ ಬಟನ್ನೂ ಇಲ್ಲ, ನನಗೆ ಮೂಡೂ ಇಲ್ಲ.

ಅಲ್ಲಮ್ಮಾ, ಯಾರಾದ್ರೂ ಅಂಗಡಿಯಿಂದ ಹೊಲಿಗೆ ಮಿಷನ್ ಎಳ್ಕೊಂಡು ಬಂದು ಸಂದಿಯ ಬಾಯಲ್ಲಿ ಕೂರ್ತಾರಾ? ಅಲ್ಲಿ ಮೇಲ್ಸೇತುವೆ ಕಂಬಕ್ಕೆ ನೆಲ ಅಗೆಯೋಕೆ ಬಂದವನಿಗೇ, ಗಾಡಿ ಸ್ವಲ್ಪ ಪಕ್ಕಕ್ಕೆ ಹಾಕಪ್ಪ, ಬೆಳಕು ಬರ್ತಿಲ್ಲ ಅಂದೆಯಂತೆ. ಅವನು ಹಾಕಿದನಂತೆ! ಸಾಲದ್ದಕ್ಕೆ ಅವನ ಹರಿದ ಜೇಬು ಬೇರೆ ಹೊಲಿದು ಕೊಟ್ಟೆಯಂತೆ. ಕೆಲಸ ನಿಂತು ನಾಲ್ಕು ದಿನ ಆಯ್ತು.

ನನ್ನ ಕೆಲಸ ಏನು ಅಂತ ಗೊತ್ತಲ್ಲ? ಇಷ್ಟು ದೊಡ್ಡ ಕಾಮಗಾರಿಯಿಂದ ಯಾರಿಗೆ ಏನು ತೊಂದರೆ ಆಗಬಹುದು ಅಂತ ಮೊದಲೇ ಹುಡುಕಿ ಪಟ್ಟಿ ಮಾಡೋದು. ಈ ಸೇತುವೆ ಅಂದ್ರೆ ನನಗೆ ಹುಚ್ಚು, ಫೋನ್ ತೆರೆದ್ರೆ ಅದರದ್ದೇ ಚಿತ್ರ. ನಿನ್ನೆ ಬೆಳಿಗ್ಗೆ ಪಟ್ಟಿ ತೆರೆದ್ರೆ ಹದಿನೇಳನೇ ಸಾಲಲ್ಲಿ, ಕೆಂಪು ಬಣ್ಣದಲ್ಲಿ, ನೀನು! ಅಪಾಯ: ಸಂದಿಯಲ್ಲಿ ಕೂತ ಟೈಲರ್ ಹೆಂಗಸು. ತೀವ್ರತೆ: ಅತಿ ಹೆಚ್ಚು. ಈಯಮ್ಮನ್ನ ಎಬ್ಬಿಸೋಕೆ ಕ್ರೇನೇ ಬೇಕು ಅಂದ ಪಕ್ಕದ ಟೇಬಲಿನವನು. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ನನ್ನಮ್ಮ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ.

ತೊಂದರೆ ಆಗೋರ ಪಟ್ಟಿಯಲ್ಲಿ ತೊಂದರೆ ಕೊಡೋರನ್ನ ಯಾಕೆ ಹಾಕಿದ್ದೀರ ಅಂತ ನಮ್ಮ ಬಾಸ್ ಮೇಡಂನ ಕೇಳಿದೆ. ಅವರು ಸರ್ವೆ ಫಾರಂ ತೆಗೆದು ಮುಂದೆ ಇಟ್ರು. ಅದರ ಪ್ರಕಾರ ಆ ಸಂದಿ 'ಬಳಕೆಯಲ್ಲಿಲ್ಲದ ಜಾಗ', ತೊಂದರೆಗೆ ಒಳಗಾಗುವವರು 'ಯಾರೂ ಇಲ್ಲ'. ನಿಜ ತಾನೇ? ಮಾರ್ಕ್ಸ್ ಕಡಿಮೆ ಬಂದಾಗ ನಾನು ಅಡಗಿ ಕೂರ್ತಿದ್ದ ಸಂದಿ ಅದು, ಅಷ್ಟೇ. ಅದಕ್ಕೆ ಇಷ್ಟು ರಂಪಾನಾ?

ನಿನ್ನೆ ಸಂಜೆ ಬೀದಿಗೆ ಬಂದಿದ್ದೆ. ಎದುರಿನ ಔಷಧಿ ಅಂಗಡಿಯಲ್ಲಿ ನಿಂತು ನೋಡ್ತಿದ್ದೆ. ವಾಚ್ ರಿಪೇರಿ ಮಾಮನ ಗಾಲಿಕುರ್ಚಿ ಬಂತು. ನೀನು ಮಿಷನ್ ಸರಿಸಿ ದಾರಿ ಬಿಟ್ಟು, ಮತ್ತೆ ಎಳ್ಕೊಂಡು ಕೂತೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಅವರು ಹೋಗೋದು ಇದೇ ಸಂದೀಲಂತೆ, ಔಷಧಿ ಅಂಗಡಿಯವರು ಹೇಳಿದ್ರು. ಇನ್ನೊಂದು ದಾರೀಲಿ ನಲವತ್ತೆರಡು ಮೆಟ್ಟಿಲು, ನಾನೇ ಎಣಿಸಿದೆ.

ಇದನ್ನ ಮೊದಲೇ ಹೇಳೋಕೆ ನಿನಗೇನಾಗಿತ್ತು? ಹೇಳಿದ್ದೆ, ನೀನು ಫೋನ್ ನೋಡ್ತಾ ಹ್ಞೂಂ ಅಂದಿದ್ದೆ ಅಂತೀಯ. ಆಯ್ತಮ್ಮ, ಆಯ್ತು.

ಗುರುವಾರ ಹತ್ತು ಗಂಟೆಗೆ ಮೇಡಂ ಪೊಲೀಸರನ್ನ ಕರ್ಕೊಂಡು ಬರ್ತಿದ್ದಾರೆ. ದಯವಿಟ್ಟು ಅವರ ಜೇಬೂ ಹೊಲಿಯೋಕೆ ಹೋಗ್ಬೇಡ.

ನಿನ್ನ ಗ್ರೂಪಲ್ಲಿಲ್ಲದ,
ಆದ್ರೂ ನಿನ್ನದೇ,
ಮಗಳು

ಮರೆತಿದ್ದೆ (ಮರೆತಿಲ್ಲ): ಫಾರಂ ಮುಂದಿಟ್ಟು ಮೇಡಂ ಕೇಳಿದ್ದು, ಇದನ್ನ ಬರೆದವಳು ನೀನೇ ಅಲ್ವಾ ಅಂತ. ಸರ್ವೆಗೆ ಬಂದ ದಿನ ಬಿಸಿಲಿತ್ತು. ನಮ್ಮ ಬೀದಿ ತಾನೇ, ಯಾರನ್ನ ಏನು ಕೇಳೋದು ಅಂತ ನಿನ್ನ ಅಂಗಡಿಯ ಫ್ಯಾನ್ ಕೆಳಗೇ ಕೂತು ತುಂಬಿಬಿಟ್ಟೆ. ಸಂದಿ ಮುಚ್ಚೋ ನೋಟೀಸಿನ ಜೊತೆ ಅಂಟಿಸಿದ ಫಾರಂನಲ್ಲಿ ನನ್ನ ಸಹಿ ನೋಡಿಯೇ ನೀನು ಬ್ಲಾಕ್ ಮಾಡಿದ್ದು ಅಂತ ಗೊತ್ತು. ಹಳೆಯದು ತಪ್ಪು ಅಂತ ಬರೆದು ಹೊಸ ಫಾರಂ ಈಗ ತಾನೇ ಮೇಡಂ ಟೇಬಲ್ ಮೇಲೆ ಇಟ್ಟು ಬಂದೆ. ಪಟ್ಟಿಯಲ್ಲಿ 'ಟೈಲರ್ ಹೆಂಗಸು' ಪಕ್ಕದಲ್ಲಿ 'ನನ್ನ ಅಮ್ಮ' ಅಂತಲೂ ಬರೆದಿದ್ದೀನಿ. ಕೆಲಸ ಹೋದ್ರೂ ಹೋಗಬಹುದು. ಗುರುವಾರ ಮಿಷನ್ ಪಕ್ಕ ಇನ್ನೊಂದು ಸ್ಟೂಲ್ ಇಡು. ಹೊಲಿಯೋಕೆ ನನಗೆ ಈಗಲೂ ಬರಲ್ಲ, ಸೂಜಿಗೆ ದಾರ ಪೋಣಿಸಿ ಕೊಡ್ತೀನಿ.