ಕುಪ್ಪಣ್ಣ ಕಪ್ಪೆಯ ಬಾಯಿ ಮುಚ್ಚಿಸಿದವರಿಗೆ

ವಿಡಿಯೋ ಗೇಮ್ ಸಂಸ್ಥೆಯ ಕನ್ನಡ ವಿಭಾಗದ ಮುಖ್ಯಸ್ಥರೇ,

ಮಕ್ಕಳ ಕಾರ್ಟೂನಿನ ಕುಪ್ಪಣ್ಣ ಕಪ್ಪೆಯನ್ನು ತಾವು ಹೊಡೆದಾಟದ ಗೇಮಿಗೆ ಇಳಿಸಿದ್ದೀರಿ. ಇಳಿಸುವ ಮೊದಲು ಅವನ ನಾಲಿಗೆ ಕಿತ್ತಿದ್ದೀರಿ. ಇದೇ ನನ್ನ ದೂರು. ತಮ್ಮ ಸಹಾಯವಾಣಿಗೆ ಇದನ್ನು ಏಳು ವಾಯ್ಸ್ ನೋಟುಗಳಲ್ಲಿ ಹೇಳಿದ್ದೆ. 'ಸಂಕ್ಷಿಪ್ತವಾಗಿ ಬರೆದು ಕಳುಹಿಸಿ' ಎಂಬ ಉತ್ತರ ಬಂತು. ಐವತ್ತು ವರ್ಷಗಳಲ್ಲಿ ನನ್ನಿಂದಾಗದ್ದು ಅದೊಂದೇ. ಆದ್ದರಿಂದ ಊರೆಲ್ಲ ಓದಲಿ ಎಂದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಆ ಕಾರ್ಟೂನನ್ನು ತಾವು ನೋಡಿದ್ದೀರಾ? ಕುಪ್ಪಣ್ಣ ಯಾರ ಮೇಲೂ ಕೈ ಎತ್ತಿದವನಲ್ಲ. ಹಾವು ಬಂದರೂ "ನಿಲ್ಲು ಮಾರಾಯ, ಮೊದಲು ಮಾತಾಡುವ!" ಎನ್ನುತ್ತಾನೆ, ಮಾತಾಡಿ ಮಾತಾಡಿ ಹಾವಿಗೇ ಆಕಳಿಕೆ ಬರಿಸಿ ಗೆಲ್ಲುತ್ತಾನೆ. ನನ್ನ ಒಂಬತ್ತು ವರ್ಷದ ಮಗಳು ಮೋಕ್ಷಾಳಿಗೆ ಮಾತು ತೊದಲುತ್ತದೆ. ಶಾಲೆಯಲ್ಲಿ ಹಾಜರಿ ಕರೆದರೆ ಕೈ ಎತ್ತುತ್ತಾಳೆ, ಬಾಯಿ ತೆರೆಯುವುದಿಲ್ಲ. ಆದರೆ ಕುಪ್ಪಣ್ಣನ ಜೊತೆಗೆ ಅವನ ಮಾತುಗಳನ್ನು, ಅವನದೇ ಧಾಟಿಯಲ್ಲಿ, ಒಂದಕ್ಷರ ತಡೆಯದೆ ಹೇಳುತ್ತಿದ್ದಳು. ಮಣಿಪಾಲದ ಸ್ಪೀಚ್ ಥೆರಪಿಸ್ಟ್ ಕೂಡ "ಒಳ್ಳೆ ದಾರಿ ಉಂಟು, ಬಿಡಬೇಡಿ" ಎಂದಿದ್ದರು. 'ಕುಪ್ಪಣ್ಣ ಈಗ ಗೇಮಿನಲ್ಲಿ, ಕನ್ನಡದಲ್ಲಿ' ಎಂಬ ಜಾಹೀರಾತು ಕಂಡು ನಾನು ಕುಣಿದದ್ದು ಅದಕ್ಕೆ.

ಗೇಮಿನಲ್ಲಿರುವುದೇನು? ಕುಪ್ಪಣ್ಣ 'ಹೂಂ', 'ಹಾಂ' ಎಂದು ಒದೆಯುತ್ತಾನೆ. ಆ ಒದೆತವಾದರೂ ಎಂಥದ್ದು! ಬಟನ್ ಒತ್ತಿ ನಾವು ಚಹಾ ಕುಡಿದು ಬಂದ ಮೇಲೆ ಕಾಲೆತ್ತುತ್ತಾನೆ. ಇಡೀ ಗೇಮಿನಲ್ಲಿ ಕನ್ನಡದ ವಾಕ್ಯ ಒಂದೇ ಒಂದು. ಸೋತಾಗ ಗಂಡಸಿನ ಗಂಭೀರ ದನಿ ಹೇಳುತ್ತದೆ: "ತಾವು ತೀರಿಕೊಂಡಿದ್ದೀರಿ." ತೀರಿಕೊಂಡವರಿಗೇ ಆ ಸುದ್ದಿಯನ್ನು ಇಷ್ಟು ಮರ್ಯಾದೆಯಿಂದ ಮುಟ್ಟಿಸುವ ಪದ್ಧತಿ ಯಾವ ಊರಿನದು ಸ್ವಾಮಿ?

ಮಗಳು ಅದನ್ನೂ ಕಲಿತಳು. ಮೊನ್ನೆ ಊಟಕ್ಕೆ ಕರೆಯಲು ಬಂದ ನನ್ನ ಅಮ್ಮ ಮನೋರಮಾ ಅವರಿಗೆ, ಸ್ವಲ್ಪವೂ ತೊದಲದೆ, "ತಾವು ತೀರಿಕೊಂಡಿದ್ದೀರಿ" ಎಂದಳು.

"ಆಯ್ತು ಮಗಾ, ಅನ್ನ ಬಡಿಸಿ ಆದ ಮೇಲೆ ತೀರಿಕೊಳ್ತೇನೆ, ಅಡ್ಡಿ ಇಲ್ಲ ಅಲ್ವಾ?"

ನಾವೆಲ್ಲ ನಕ್ಕೆವು. ಆ ತಪ್ಪು ನಮ್ಮದು, ಒಪ್ಪುತ್ತೇನೆ. ತಡೆಯದೆ ಆಡಿದ ಮಾತಿಗೂ ಜನ ನಗುತ್ತಾರೆಂದು ಅವಳು ತಿಳಿದುಕೊಂಡಳು. ಅಂದಿನಿಂದ ಕಾರ್ಟೂನು ಹಾಕಲೂ ಬಿಡುತ್ತಿಲ್ಲ. "ಕು-ಕುಪ್ಪಣ್ಣ ಈಗ ಮಾ-ಮಾತಾಡುದಿಲ್ಲ ಅಪ್ಪಾ, ಹೊ-ಹೊಡಿಯುದು ಮಾತ್ರ."

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಮಾತಾಡಿಯೇ ಗೆಲ್ಲಲು ಗೇಮಿನಲ್ಲಿ ಒಂದು ಬಟನ್ ಇಡಿ. ಕುಪ್ಪಣ್ಣ ಏನು ಮಾತಾಡಬೇಕೆಂದು ತಮ್ಮವರಿಗೆ ಗೊತ್ತಿಲ್ಲದಿದ್ದರೆ ಪರ್ಕಳದ ನಮ್ಮ ಮನೆಗೆ ಬನ್ನಿ. ಎಲ್ಲವೂ ಬಾಯಿಪಾಠ ಇರುವವಳು ನಮ್ಮಲ್ಲಿದ್ದಾಳೆ. ನಡುವೆ ತಡೆದರೆ ಸ್ವಲ್ಪ ಕಾಯಬೇಕು, ನಗಬಾರದು.

ಇಂತಿ,
ಮಗಳು ಮಾತಾಡುವ ಸರದಿಯಲ್ಲಿ ಸುಮ್ಮನಿರಲು ಈಗಷ್ಟೇ ಕಲಿಯುತ್ತಿರುವ
ಕರುಣಾಕರ, ಪರ್ಕಳ