ಒಂದು ಮುಷ್ಟಿ ಪಂಚಕಜ್ಜಾಯ

ಡೊಂಬಿವಿಲಿ ಪೂರ್ವ
ಬುಧವಾರ, 4 ಸೆಪ್ಟೆಂಬರ್ 2013

ಪ್ರೀತಿಯ ಮಗಳು ಪ್ರಣೀತಾಳಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀ ಮಗಾ? ನೆಗಡಿ ಇಳಿಯಿತಾ? ಕಳೆದ ಸಲ ಬಂದಾಗ ಕಷಾಯದ ಪುಡಿ ಕಟ್ಟಿಕೊಟ್ಟಿದ್ದೆ, ನೀನು ಅದರ ಮುಚ್ಚಳವನ್ನೂ ತೆಗೆದಿಲ್ಲ ಎಂದು ನನಗೆ ಗೊತ್ತು. ರಾತ್ರಿ ತಲೆಗೂದಲು ಒದ್ದೆ ಇಟ್ಟುಕೊಂಡು ಮಲಗಬೇಡ. ಹಾಸ್ಟೆಲಿನ ಅನ್ನ ಗಟ್ಟಿಯಾಗಿದ್ದರೆ ಮೊಸರು ಕಲಸಿ ಸ್ವಲ್ಪ ಹೊತ್ತು ಬಿಟ್ಟು ಉಣ್ಣು. ಇಲ್ಲಿ ನಾವಿಬ್ಬರೂ ದೇವರ ದಯೆಯಿಂದ ಇದ್ದೇವೆ. ನಿನ್ನ ಪಪ್ಪನ ಮೊಣಕಾಲು ಮಳೆಗೆ ಮತ್ತೆ ಹಟ ಮಾಡುತ್ತಿದೆ. ಆದರೂ ಆರು ಗಂಟೆಗೆ ಹೊರಟು ಮಹಾಪೆಯ ಕ್ಯಾಂಟೀನಿಗೆ ಹೋಗುವುದನ್ನು ಬಿಟ್ಟಿಲ್ಲ. ಸೋಮವಾರ ಚೌತಿ, ಕಡುಬಿಗೆ ಅರಸಿನ ಎಲೆ ಸ್ಟೇಶನ್ ಹತ್ತಿರದ ಅಜ್ಜಿಗೆ ಹೇಳಿಟ್ಟಿದ್ದೇನೆ. ನೀನು ಪುಣೆಯ ಸಭೆ ಮುಗಿಸಿ ಭಾನುವಾರ ಬಂದರೆ ಎಲೆ ಒರೆಸಲು ಒಂದು ಕೈ ಸಿಗುತ್ತದೆ.

ನೀನು ಕನ್ನಡವನ್ನು ಬೆರಳಿಟ್ಟು ಓದುವವಳು. ಅದಕ್ಕೆ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ನಾನು ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು, ತಪ್ಪಿದ್ದರೆ ತಿದ್ದಿಕೋ. ಮೊಬೈಲಿನಲ್ಲಿ ಮಾತನಾಡುವುದು ಬಿಟ್ಟು ಇವಳಿಗೆ ಕಾಗದ ಬರೆಯುವ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ನೀನು ನಗುತ್ತೀಯೇನೋ. ಮೊಬೈಲಿನಲ್ಲಿ ಹೇಳಲು ನಾನು ನೋಡಿದೆ ಮಗಾ. ಭಾನುವಾರ ನೀನು ಫೋನ್ ಮಾಡಿದಾಗ "ಆ ದಿನದ ಪ್ರಸಾದದ ವಿಷಯ ಒಂದು ಮಾತು ಉಂಟು" ಎಂದು ಶುರು ಮಾಡಿದೆ. ನೀನು "ಹಾಂ ಹಾಂ ಅಮ್ಮಾ, ಪ್ರಸಾದ ಪಪ್ಪನ ಹತ್ತಿರ ಕಳಿಸು, ಬಾದ್ ಮೇ ಬಾತ್ ಕರ್ತೀ ಹೂಂ, ಸರ್ ಕರೀತಿದ್ದಾರೆ" ಎಂದು ಇಟ್ಟುಬಿಟ್ಟೆ. ನಿನ್ನ ದನಿಯಲ್ಲಿ ಅಷ್ಟು ಖುಷಿ ಇತ್ತು. ಎರಡನೆಯ ಸಲ ಫೋನ್ ಮಾಡಿ ಅದನ್ನು ಕೆಡಿಸಲು ನನಗೆ ಧೈರ್ಯ ಬರಲಿಲ್ಲ.

ಈಗ ಬರೆಯುತ್ತೇನೆ. ಒಂದೇ ಸಲ ಓದಿ ಮುಗಿಸು, ಮಧ್ಯದಲ್ಲಿ ಇಡಬೇಡ.

ಜೂನ್ ತಿಂಗಳಲ್ಲಿ ನಮ್ಮ ಭಜನಾ ಮಂಡಳಿಯ ಹಾಲಿನಲ್ಲಿ ನೀವು ಮಕ್ಕಳು ಬಂದು ನಲವತ್ತೆರಡು ಹೆಂಗಸರ ರಕ್ತ ತೆಗೆದಿರಲ್ಲ, ಆ ಭಾನುವಾರದ ವಿಷಯ. ಮೆಡಿಕಲ್ ಕಾಲೇಜಿನಲ್ಲಿ ಎರಡನೇ ವರ್ಷದ ಮಕ್ಕಳು ತಾವೇ ಸಂಶೋಧನೆ ಮಾಡಿ ಬರೆಯಬೇಕು, ಹೋಟೆಲಿನವರ ಮನೆಯ ಹೆಂಗಸರಲ್ಲಿ ಶುಗರ್ ಎಷ್ಟಿದೆ ಎಂದು ನೋಡುತ್ತೇನೆ ಎಂದು ನೀನು ಹೇಳಿದಾಗ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ನಾನೇ ಮನೆಮನೆಗೆ ಹೋಗಿ ಹೆಸರು ಬರೆಸಿಕೊಂಡು ಬಂದೆ. ಕಲ್ಯಾಣದಿಂದ ನಾಲ್ವರು, ಟಿಟ್ವಾಳಾದಿಂದ ಪ್ರಫುಲ್ಲಕ್ಕ ಬಂದರು. ನೀನು ಹೇಳಿದ ಮಾತನ್ನು ನಾನು ಎಲ್ಲರಿಗೂ ಒಂದಕ್ಷರ ಬಿಡದೆ ಹೇಳಿದ್ದೆ. ರಾತ್ರಿ ಊಟದ ಮೇಲೆ ಏನೂ ತಿನ್ನಬಾರದು, ಬೆಳಿಗ್ಗೆ ಚಹಾ ಕಾಫಿ ಇಲ್ಲ, ನೀರು ಮಾತ್ರ. ಪಾಪ, ಎಲ್ಲರೂ ಹಾಗೆಯೇ ಬಂದರು. ಏಳು ಗಂಟೆಗೆ ಹಾಲಿನಲ್ಲಿ ನಲವತ್ತೆರಡು ಜನ ಬರಿ ಹೊಟ್ಟೆಯಲ್ಲಿ ಕೂತಿದ್ದರು. ನೀವು ಬರಲಿಲ್ಲ. ಮುಂಬ್ರಾದ ಹತ್ತಿರ ಹಳಿಯ ಮೇಲೆ ನೀರು ನಿಂತು ಗಾಡಿ ನಿಂತಿದೆ, ಠಾಣೆಯಲ್ಲೇ ಇದ್ದೇವೆ ಎಂದು ನೀನು ಫೋನ್ ಮಾಡಿದೆ.

ನಮ್ಮ ಮಂಡಳಿಯ ಕ್ರಮ ನಿನಗೆ ಸಣ್ಣಂದಿನಿಂದ ಗೊತ್ತು. ಹಾಲಿನ ಬಾಗಿಲು ತೆಗೆದರೆ ದೇವರಿಗೆ ದೀಪ ಹಚ್ಚದೆ, ಒಂದು ಭಜನೆ ಹೇಳದೆ, ಆರತಿ ಮಾಡಿ ಪ್ರಸಾದ ಹಂಚದೆ ಬೇರೆ ಯಾವ ಕೆಲಸಕ್ಕೂ ಕೈ ಹಾಕುವಂತಿಲ್ಲ. ಅದು ಮುಂಡಪ್ಪಣ್ಣ ಮಂಡಳಿ ಕಟ್ಟಿದ ದಿನದಿಂದ ನಡೆದುಬಂದದ್ದು. ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪಂಚಕಜ್ಜಾಯ ಮಾಡಿ ತಂದಿದ್ದೆ. ಮಗಳ ಮೊದಲ ದೊಡ್ಡ ಕೆಲಸ, ನಿರ್ವಿಘ್ನವಾಗಿ ನಡೆಯಲಿ ಎಂದು ಬೆಲ್ಲ, ತುಪ್ಪ, ಕಾಯಿ ಎಲ್ಲ ಒಂದು ಕೈ ಜಾಸ್ತಿಯೇ ಹಾಕಿದ್ದೆ. ನೀವು ಬರುವವರೆಗೆ ಸುಮ್ಮನೆ ಕೂರುವುದು ಯಾಕೆ ಎಂದು ಆರತಿ ಮಾಡಿಸಿದೆ. ಎಲ್ಲರಿಗೂ ನಾನೇ ಹಂಚಿದೆ. ಕೈ ಗಿಡ್ಡ ಮಾಡಿ ಕೊಡುವುದು ನನಗೆ ಗೊತ್ತಿಲ್ಲ, ಒಬ್ಬೊಬ್ಬರಿಗೆ ಮುಷ್ಟಿ ತುಂಬ ಕೊಟ್ಟೆ, ಜೊತೆಗೆ ಒಂದೊಂದು ಬಾಳೆಹಣ್ಣು. ನೀವು ಎಂಟು ಗಂಟೆ ಕಳೆದು ಒದ್ದೆಯಾಗಿ ಬಂದಿರಿ. ನಿನ್ನ ಗೆಳತಿ ಅಶ್ಮಿತಾ, ರಕ್ತ ತೆಗೆಯುವ ಹುಡುಗಿ, ಚಳಿಗೆ ನಡುಗುತ್ತಿದ್ದಳು. ಪಾತ್ರೆ ಕೆರೆದು ಅವಳಿಗೂ ಒಂದಿಷ್ಟು ಕೊಟ್ಟೆ. "ಆಂಟೀ, ಕಿತ್ನಾ ಟೇಸ್ಟೀ ಹೈ" ಎಂದು ತಿಂದಳು. ಪಾಪ, ಅವಳಿಗೂ ಹೊಳೆಯಲಿಲ್ಲ.

ಆಮೇಲೆ ನೀನು ಮುಂದೆ ನಿಂತು "ಯಾರಾದ್ರೂ ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀರಾ? ಚಹಾ, ಬಿಸ್ಕೆಟ್ ಏನಾದ್ರೂ?" ಎಂದು ಕೇಳಿದೆ. ಎಲ್ಲರೂ ಇಲ್ಲ ಎಂದರು. ನಾನೂ ಇಲ್ಲ ಎಂದೆ. ಮಗಾ, ಒಬ್ಬರೂ ಸುಳ್ಳು ಹೇಳಲಿಲ್ಲ. ದೇವರಾಣೆ. ಪ್ರಸಾದ ತಿಂದದ್ದು ತಿಂದದ್ದು ಎಂದು ನಮ್ಮಲ್ಲಿ ಯಾರ ತಲೆಗೂ ಬರಲಿಲ್ಲ. ಶನಿವಾರ ಒಪ್ಪತ್ತು ಮಾಡುವಾಗ ದೇವಸ್ಥಾನದಲ್ಲಿ ಪ್ರಸಾದ ಬಾಯಿಗೆ ಹಾಕಿಕೊಂಡರೆ ಒಪ್ಪತ್ತು ಕೆಡುತ್ತದಾ? ಇಲ್ಲ. ಅದು ಹೊಟ್ಟೆಗೆ ಹೋದರೂ ಊಟವಲ್ಲ ಎಂದೇ ನಾನು ಈ ಐವತ್ತು ವರ್ಷ ನಂಬಿಕೊಂಡು ಬಂದವಳು. ಸೂಜಿಗೆ ಅದು ಗೊತ್ತಾಗುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ.

ಜುಲೈ ಕೊನೆಗೆ ಎಲ್ಲರ ಮನೆಗೂ ಲಕೋಟೆ ಬಂತು. ಮಂಡಳಿಯಲ್ಲಿ ಸೂತಕದ ಕಳೆ. ಇಪ್ಪತ್ಮೂರು ಜನರಿಗೆ ಶುಗರ್ ಜಾಸ್ತಿ, ಡಾಕ್ಟರಿಗೆ ತೋರಿಸಿ ಎಂದು ಬರೆದಿತ್ತು. ಪ್ರಫುಲ್ಲಕ್ಕ ಅಂದಿನಿಂದ ದಿನಾ ಬೆಳಿಗ್ಗೆ ಹಾಗಲಕಾಯಿ ರಸ ಕುಡಿದು ನಿನ್ನ ಹೆಸರು ಹೇಳಿ ಮುಖ ಹಿಂಡುತ್ತಿದ್ದರು. ಭಜನೆಯ ನಂತರದ ಚಹಾಕ್ಕೆ ಸಕ್ಕರೆ ಹಾಕುವವರಿಲ್ಲ. ಕೃಷ್ಣಾಷ್ಟಮಿಯ ಉಂಡೆಯನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ದಾಟಿಸಿದರು. ನನ್ನ ಲಕೋಟೆಯಲ್ಲೂ ಜಾಸ್ತಿ ಎಂದೇ ಇತ್ತು. ಅದನ್ನು ಭಜನೆ ಪುಸ್ತಕದೊಳಗೆ ಇಟ್ಟೆ, ನಿನಗೂ ಪಪ್ಪನಿಗೂ ಹೇಳಲಿಲ್ಲ. ಹೆದರಬೇಡ, ಎಲ್ಲರಿಗೂ ಬಂದದ್ದು ನನಗೂ ಬಂದಿದೆ ಎಂದುಕೊಂಡೆ.

ಹೋದ ವಾರ ಹರಿಣಾಕ್ಷಿ ಬಂದಳು, ನಮ್ಮ ಮೇಲಿನ ಮಾಳಿಗೆಯವಳು, ನಿನಗೆ ಗೊತ್ತಲ್ಲ, ಬಾಯಿ ಜೋರು. ಅವಳು ತನ್ನ ಡಾಕ್ಟರ ಹತ್ತಿರ ಹೋಗಿ ಮತ್ತೆ ರಕ್ತ ಕೊಟ್ಟಳಂತೆ. ಏನೂ ಇಲ್ಲ. ಡಾಕ್ಟರು ಆ ದಿನ ಏನು ತಿಂದಿದ್ದಿರಿ ಎಂದು ಒಂದೊಂದಾಗಿ ಕೇಳಿ ಕೇಳಿ ಕೊನೆಗೆ ಪ್ರಸಾದದವರೆಗೆ ಬಂದರಂತೆ. ಅವರು ಮರಾಠಿಯವರು, ಪಂಚಕಜ್ಜಾಯ ಎಂದರೆ ಏನು ಎಂದು ಇವಳು ಕೈಯಲ್ಲಿ ಉಂಡೆ ಕಟ್ಟಿ ತೋರಿಸಿದಳಂತೆ. ಆಮೇಲೆ ಇವಳ ಮಾತು ಕೇಳಿ ಇನ್ನೂ ಮೂವರು ಹೋಗಿ ಕೊಟ್ಟರು, ಮೂವರಿಗೂ ಏನಿಲ್ಲ. "ಸುಗುಣಕ್ಕಾ, ಶುಗರ್ ನಮ್ಮ ರಕ್ತದಲ್ಲಿ ಇಲ್ಲ ಮಾರಾಯ್ರೆ, ನಿಮ್ಮ ಕೈಯಲ್ಲಿ ಉಂಟು" ಎಂದು ಹರಿಣಾಕ್ಷಿ ಬಾಗಿಲಲ್ಲೇ ನಿಂತು ನಗಾಡಿದಳು. ಪ್ರಫುಲ್ಲಕ್ಕ ಅಂತೂ "ಒಂದು ತಿಂಗಳ ಹಾಗಲಕಾಯಿ ಯಾರ ತಲೆಗೆ ಹಾಕಲಿ?" ಎಂದು ಫೋನಿನಲ್ಲಿ ಕೇಳಿದರು. ಎಲ್ಲರಿಗೂ ತಮಾಷೆ. ನಾನೂ ನಕ್ಕೆ. ಹರಿಣಾಕ್ಷಿ ಹೋದ ಮೇಲೆ ದೇವರ ಕೋಣೆಯಲ್ಲಿ ಕೂತೆ, ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಅನ್ನ ತಳ ಹಿಡಿದ ವಾಸನೆ ಬಂದ ಮೇಲೆ ಎದ್ದೆ.

ಯಾಕೆಂದರೆ ನೀನು ಬರುವ ಶನಿವಾರ ಪುಣೆಯಲ್ಲಿ ಹತ್ತು ಕಾಲೇಜಿನ ಮಕ್ಕಳ, ದೊಡ್ಡ ದೊಡ್ಡ ಡಾಕ್ಟರುಗಳ ಎದುರು ನಿಂತು ಓದುವುದು ಇದನ್ನೇ. ನಲವತ್ತೆರಡರಲ್ಲಿ ಇಪ್ಪತ್ಮೂರು. ಹೋಟೆಲಿನವರ ಮನೆಯ ಹೆಂಗಸರನ್ನು ಯಾರೂ ನೋಡಿಯೇ ಇಲ್ಲ, ನೀನೇ ಮೊದಲು ನೋಡಿದ್ದು ಎಂದು ಸರ್ ಹೇಳಿದರು ಎಂದು ನೀನು ಹೇಳಿದ್ದೆ. "ಅಮ್ಮಾ, ಹದಿನೇಳನೇ ನಂಬರಿನವರದ್ದು ಇನ್ನೂರ ಅರವತ್ತೆಂಟು, ಗೊತ್ತುಂಟಾ? ಪಾಪ, ಯಾರೋ. ಅವರಿಗೆ ಸರ್ ಬೇರೆ ಕಾಗದ ಹಾಕಿದ್ದಾರೆ" ಎಂದೂ ಹೇಳಿದ್ದೆ. ಯಾರ ನಂಬರು ಯಾವುದು ಎಂದು ನಿಮಗೆ ಗೊತ್ತಾಗಬಾರದು, ಅದು ನಿಯಮ, ಅದಕ್ಕೆ ಎಲ್ಲರೂ ಚೆಂಬಿನಿಂದ ಚೀಟಿ ಎತ್ತಿದ್ದು, ಹೆಸರಿನ ಪಟ್ಟಿ ಸರ್ ಹತ್ತಿರ ಬೀಗದಲ್ಲಿ ಇದೆ ಎಂದು ನೀನು ದೊಡ್ಡ ಡಾಕ್ಟರರ ಹಾಗೆ ಹೇಳುತ್ತಿದ್ದೆ. ನಾನು ಆಗ ಊಟ ಆಯಿತಾ ಎಂದು ಕೇಳಿದೆ.

ಪಪ್ಪನಿಗೆ ಹೇಳಿದೆ. ಅವರು ಆ ಸಭೆಯ ಆಮಂತ್ರಣ ಪತ್ರಿಕೆಯನ್ನು ನಾಲ್ಕು ಝೆರಾಕ್ಸ್ ಮಾಡಿಸಿ, ಒಂದನ್ನು ಕ್ಯಾಂಟೀನಿನ ಗಲ್ಲಾದ ಹಿಂದೆ ಲಕ್ಷ್ಮಿ ಫೋಟೋದ ಪಕ್ಕ ಅಂಟಿಸಿದ್ದಾರೆ. ಊಟಕ್ಕೆ ಬಂದ ಕಂಪನಿಯ ಮಕ್ಕಳಿಗೆಲ್ಲ "ಮೇರೀ ಬೇಟೀ" ಎಂದು ತೋರಿಸುತ್ತಾರೆ. ನನ್ನ ಮಾತು ಪೂರ್ತಿ ಕೇಳಿ, ಚಪ್ಪಲಿ ಬಿಚ್ಚದೆ ಹಾಗೇ ಕುರ್ಚಿಯಲ್ಲಿ ಕೂತರು. ಆಮೇಲೆ "ಸುಗುಣಾ, ಈಗ ಹೇಳಬೇಡ. ಮಗು ಓದಿ ಬರಲಿ. ನಾಲ್ಕು ಜನಕ್ಕೆ ಶುಗರ್ ಉಂಟು ಅಂದ್ರೆ ಯಾರ ಗಂಟು ಹೋಗ್ತದೆ?" ಎಂದರು. ಅವರು ಹೇಳುವುದೂ ನಿನ್ನ ಮೇಲಿನ ಮಮತೆಯಿಂದಲೇ. ಮೂರು ರಾತ್ರಿ ಅವರ ಮಾತಿನ ಹಾಗೆಯೇ ಇದ್ದೆ. ಆದರೆ ನೀನು ಎತ್ತರದಲ್ಲಿ ನಿಂತು ಸುಳ್ಳು ಓದುತ್ತೀ, ಅದು ಸುಳ್ಳು ಎಂದು ಲೋಕದಲ್ಲಿ ಎಲ್ಲರಿಗಿಂತ ಮೊದಲು ನನಗೆ ಗೊತ್ತು, ನಾನು ಇಲ್ಲಿ ಕೂತು ನಿನಗೆ ಒಳ್ಳೆಯದಾಗಲಿ ಎಂದು ದೀಪ ಹಚ್ಚುತ್ತೇನೆ. ಯಾವ ಬಾಯಲ್ಲಿ ಬೇಡಲಿ ಮಗಾ?

ಹೇಳಿದರೆ ನಿನ್ನ ಎರಡು ತಿಂಗಳ ಕೆಲಸ ನೀರಿನಲ್ಲಿ ಹೋಮ. ಹೇಳದಿದ್ದರೆ ಅದಕ್ಕಿಂತ ದೊಡ್ಡದು ಏನೋ ಹೋಗುತ್ತದೆ. ನಿನ್ನ ಸರ್ ಬಯ್ಯುತ್ತಾರಾ, ಮತ್ತೆ ಮಾಡು ಎನ್ನುತ್ತಾರಾ, ಪುಣೆಗೆ ಹೋಗಬೇಡ ಎನ್ನುತ್ತಾರಾ, ನನಗೆ ಏನೂ ಗೊತ್ತಿಲ್ಲ. ಅವರ ಕಾಲು ಹಿಡಿದರೆ ಆಗುವುದಿದ್ದರೆ ನಾನು ನೆರೂಳಿನ ನಿನ್ನ ಕಾಲೇಜಿಗೇ ಬಂದು ಹಿಡಿಯುತ್ತಿದ್ದೆ. ಮತ್ತೆ ಮಾಡುವುದಾದರೆ ಹೆಂಗಸರನ್ನು ಸೇರಿಸಿಕೊಡುವುದು ನನ್ನ ಜವಾಬ್ದಾರಿ. ಆದರೆ ಆ ದಿನವೂ ದೇವರ ಎದುರು ಕೂತು ಆರತಿ ಇಲ್ಲದೆ, ಪ್ರಸಾದ ಇಲ್ಲದೆ ಶುರು ಮಾಡಿ ಎಂದು ಹೇಗೆ ಹೇಳಲಿ ಎಂದು ಅದೇ ಒಂದು ಯೋಚನೆ. ಬೇರೆ ಕಡೆ, ಸೊಸೈಟಿಯ ಆಫೀಸಿನಲ್ಲಿ ಮಾಡಬಹುದು. ದೇವರ ಪ್ರಸಾದದಿಂದ ತಪ್ಪಾಯಿತು ಎಂದು ಬರೆಯಲು ಕೈ ಏಳುವುದಿಲ್ಲ. ನಿನ್ನ ವಿದ್ಯೆ ತಪ್ಪು ಎನ್ನಲೂ ಬಾಯಿ ಬರುವುದಿಲ್ಲ. ಆದ ತಪ್ಪು ನನ್ನದು ಎಂದೇ ಸರ್ ಹತ್ತಿರ ಹೇಳು. ಅಮ್ಮ ಹಳ್ಳಿಯವಳು, ಅವಳಿಗೆ ತಿಳಿಯಲಿಲ್ಲ ಎಂದು ಹೇಳಿದರೆ ನನಗೆ ಬೇಸರವಿಲ್ಲ, ಅದು ಇದ್ದದ್ದೇ. ಅಶ್ಮಿತಾಳನ್ನು ಬಯ್ಯಬೇಡ.

ಪಕ್ಕದ ಕಟ್ಟಡದ ಪ್ರೇಮನಾಥಣ್ಣ ಬೇಲಾಪುರದ ಆಫೀಸಿಗೆ ಹೋಗುವಾಗ ನಾಳೆ ಬೆಳಿಗ್ಗೆ ನೆರೂಳಿನಲ್ಲಿ ಇಳಿದು ಇದನ್ನು ಹಾಸ್ಟೆಲಿನ ಗೇಟಿನಲ್ಲಿ ಕೊಡುತ್ತಾರೆ. ಪಪ್ಪನಿಗೆ ಇದು ಗೊತ್ತಿಲ್ಲ. ನೀನು ನಾಡಿದ್ದು ಹೊರಡುವ ಮೊದಲು ಒಂದು ದಿನವಾದರೂ ನಿನ್ನ ಕೈಯಲ್ಲಿ ಇರುತ್ತದೆ. ಆಮೇಲೆ ನಿನಗೆ ಕಂಡ ಹಾಗೆ ಮಾಡು. ಸಿಟ್ಟು ಬಂದರೆ ಬರಲಿ, ಊಟ ಬಿಡಬೇಡ. ಬಸ್ಸಿನಲ್ಲಿ ಕಿಟಕಿ ಹತ್ತಿರ ಕೂತರೆ ಕಿವಿಗೆ ಹತ್ತಿ ಇಟ್ಟುಕೋ.

ದೇವರು ನಿನ್ನ ಬೆನ್ನಿಗೆ ಇರಲಿ. ಏನೇ ಓದಿದರೂ, ಓದದೇ ಬಂದರೂ, ಭಾನುವಾರ ಬಾಗಿಲು ತೆಗೆದೇ ಇರುತ್ತದೆ.

ನಿನ್ನ ಅಮ್ಮ,
ಸುಗುಣಾ

ಮರೆತದ್ದು: ಕಾಗದ ಮಡಚಿ ಇಟ್ಟವಳು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಅಶ್ಮಿತಾಳಿಗೆ ಪಾತ್ರೆ ಕೆರೆದು ಕೊಟ್ಟೆ ಎಂದು ಮೇಲೆ ಬರೆದೆನಲ್ಲ, ಅದನ್ನು ಓದುವಾಗ ನೆನಪಾಯಿತು. ಹಂಚುವವಳು ಕೊನೆಗೆ ತಿನ್ನುವುದು ನಮ್ಮ ಕ್ರಮ. ಆ ದಿನ ಕೊನೆಗೆ ಪಾತ್ರೆಯಲ್ಲಿ ಏನೂ ಉಳಿಯಲಿಲ್ಲ. "ನಿಮಗೆ ಎಲ್ಲಿ?" ಎಂದು ಪ್ರಫುಲ್ಲಕ್ಕ ಕೇಳಿದ್ದಕ್ಕೆ "ಆಮೇಲೆ ಬಾಳೆಹಣ್ಣು ತಿಂತೇನೆ" ಎಂದಿದ್ದೆ. ರಕ್ತ ಕೊಟ್ಟು ಮನೆಗೆ ಬಂದ ಮೇಲೆಯೇ ತಿಂದದ್ದು. ನಾನು ಆ ಬೆಳಿಗ್ಗೆ ಒಂದು ಕಾಳು ಬಾಯಿಗೆ ಹಾಕಿರಲಿಲ್ಲ. ನನ್ನ ಚೀಟಿ ಹದಿನೇಳು. ಸರ್ ಹಾಕಿದ ಎರಡನೆಯ ಕಾಗದವೂ ಭಜನೆ ಪುಸ್ತಕದಲ್ಲೇ ಇದೆ, ಮೊದಲು ಹೆದರಿ, ಆಮೇಲೆ ಬೆಲ್ಲದ್ದು ಎಂದುಕೊಂಡು ಡಾಕ್ಟರ ಹತ್ತಿರ ಹೋಗಲಿಲ್ಲ. ಮಗಾ, ಉಳಿದ ನಲವತ್ತೊಂದನ್ನು ಹೊಡೆದು ಹಾಕು. ಹದಿನೇಳನ್ನು ಹೊಡೆಯಬೇಡ. ಅದು ಸರಿಯಾಗಿಯೇ ಇದೆ.