ನಾನು ಉಚ್ಚ ನ್ಯಾಯಾಲಯವಾದ ಸಂಜೆ

ಶನಿವಾರ, ೨೨ ನವೆಂಬರ್ ೨೦೨೫. ಜೋಗೇಶ್ವರಿ.

ಮೊಮ್ಮಗಳು ಲಾವಣ್ಯಾಳಿಗೆ ನಾಳೆ ಬಾಂದ್ರಾದಲ್ಲಿ ಅಣಕು ನ್ಯಾಯಾಲಯ ಸ್ಪರ್ಧೆಯ ಅಂತಿಮ ಸುತ್ತು. ಗೆದ್ದರೆ, ಅವಳು ಬಹುಕಾಲದಿಂದ ಬಯಸಿದ ಹಿರಿಯ ವಕೀಲೆಯ ಬಳಿ ಕೆಲಸ ಕಲಿಯುವ ಅವಕಾಶ. ಅಭ್ಯಾಸಕ್ಕೆಂದು ಸಂಜೆ ನಾನೇ ಉಚ್ಚ ನ್ಯಾಯಾಲಯವಾಗಿ ಕುಳಿತೆ.

ಪ್ರಕರಣ ಕಲ್ಪಿತ. ಬಾಂಬ್ ಇಟ್ಟವನಿಗೂ, ಸಂಚು ತಿಳಿದೇ ಅವನಿಗೆ ಕೋಣೆ ಕೊಟ್ಟವನಿಗೂ ವಿಚಾರಣಾ ನ್ಯಾಯಾಲಯವು ಜೀವಾವಧಿ ಶಿಕ್ಷೆ ವಿಧಿಸಿದೆ. ಎರಡನೆಯವನ ಪರವಾಗಿ ಇವಳ ಮೇಲ್ಮನವಿ.

"ನಾನಾಗಿದ್ದರೂ ಅಷ್ಟನ್ನೇ ವಿಧಿಸುತ್ತಿದ್ದೆ. ವಜಾ!" ಎಂದೆ.

"ಅಯ್ಯೋ ಅಜ್ಜ, ನೀವು ಹೊಸ್ದಾಗಿ ಸಜಾ ಕೊಡ್ಲಿಕ್ಕೆ ಕೂತದ್ದಲ್ಲ! ಕೆಳಗಿನ ಜಡ್ಜ್ ಇವನ ಪಾತ್ರ ಬೇರೆಯಾಗಿ ತೂಗಿದ್ರಾ ಇಲ್ವಾ, ಅದು ನೋಡಿ. ನೈಟ್‌ಸ್ಕೂಲ್ ಪೇಪರ್ ರೀಚೆಕ್ ಮಾಡುವಾಗ ಏನು ಮಾಡ್ತಿದ್ರಿ?"

ಕನ್ನಡದ 'ಶಿಕ್ಷೆ' ಬಿಟ್ಟು 'ಸಜಾ' ಎಂದದ್ದನ್ನು ಇಂದು ಕ್ಷಮಿಸಿದೆ. ಮೂವತ್ತು ವರ್ಷ ರಾತ್ರಿಶಾಲೆಯ ಮರುಮೌಲ್ಯಮಾಪಕನಾಗಿದ್ದ ನಾನು, ಮೊದಲ ಪರೀಕ್ಷಕರು ಎಲ್ಲಿ ತಪ್ಪಿದರೆಂದು ನೋಡದೆಯೇ ಅವರ ಅಂಕಗಳನ್ನು ಹೊಡೆದುಹಾಕಿ, ನನಗೆ ತೋಚಿದ್ದನ್ನು ಬರೆಯುತ್ತಿದ್ದೆ. ಒಪ್ಪಿಕೊಂಡೆ. ಅವಳು ಬಿದ್ದು ಬಿದ್ದು ನಕ್ಕಳು.

ಮತ್ತೆ ವಾದಿಸಿದಳು, ಈ ಸಲ ಪೂರ್ತಿ ಆಲಿಸಿದೆ. ಅಪರಾಧಿಯೆಂಬ ನಿರ್ಣಯವು ಸ್ಥಿರ, ಆದರೆ ಇಬ್ಬರ ಪಾತ್ರವನ್ನೂ ಒಂದೇ ತಕ್ಕಡಿಯಲ್ಲಿಟ್ಟದ್ದು ದೋಷ, ಎರಡನೆಯವನ ಶಿಕ್ಷೆಯನ್ನು ಮರಳಿ ತೂಗತಕ್ಕದ್ದು ಎಂದು ತೀರ್ಪಿತ್ತೆ. ನನ್ನಂಥ ಹಠಮಾರಿಯನ್ನು ಒಪ್ಪಿಸಿದವಳು ನಾಳೆ ಯಾರಿಗೆ ಹೆದರಬೇಕು?

ಸಭೆಯಲ್ಲಿ ಕುಳಿತು ಕೇಳಲು ನಾನೂ ಹೊರಡುವೆನೆಂದೆ.

"ಬನ್ನಿ ಅಜ್ಜ. ಆದ್ರೆ ನಡುವೆ ಬಾಯಿ ಹಾಕಿದ್ರೆ ಹೊರಗೆ ಕಳಿಸ್ತೇನೆ."

ಈ ಆದೇಶದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲವಂತೆ.